ಮಾರ್ಥಾ ಗ್ರಹಾಂ: ತಂತ್ರವೋ, ಸಂಯೋಜನೆಯೋ?

ಪ್ರಶ್ನೆ: ಅಮೆರಿಕದ ಆಧುನಿಕ ನೃತ್ಯದ ಪ್ರವರ್ತಕಿ ಮಾರ್ಥಾ ಗ್ರಹಾಂ ಅವರ ಹಿರಿಮೆಯನ್ನು ಅವರ ನೃತ್ಯ ಸಂಯೋಜನೆಗಳಿಂದ ಅಳೆಯಬೇಕೋ, ಅವರು ರೂಪಿಸಿದ ತಂತ್ರದಿಂದಲೋ?

ಉತ್ತರ: ಎರಡನ್ನೂ ಬೇರ್ಪಡಿಸಿ ತೂಗಿದರೆ ಅವರಿಗೆ ಅನ್ಯಾಯವಾಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಉಸಿರಾಟದಿಂದ ಹುಟ್ಟಿದ, ಮುಂಡವನ್ನು ಸಂಕುಚಿಸಿ ಮತ್ತೆ ಸಡಿಲಿಸುವ ಅವರ ಮೂಲ ಚಲನೆ ಬರಿಯ ಅಂಗಸಾಧನೆಯಲ್ಲ. 1930ರ ‘ಲ್ಯಾಮೆಂಟೇಶನ್’ ಕೃತಿಯಲ್ಲಿ, ಹಿಗ್ಗುವ ಬಟ್ಟೆಯ ಕೊಳವೆಯೊಳಗೆ ಬಹುಪಾಲು ಕುಳಿತೇ ನರ್ತಿಸುವ ಕಲಾವಿದೆಯ ದೇಹದ ಸೆಳೆತಗಳು ಆ ಬಟ್ಟೆಯ ಮೇಲೆ ಓರೆಗೆರೆಗಳಾಗಿ ಮೂಡುವಾಗ, ತಂತ್ರವೇ ದುಃಖದ ಆಕಾರವಾಗಿಬಿಡುತ್ತದೆ. ಮುಖಭಾವಕ್ಕೆ ಅಲ್ಲಿ ಹೆಚ್ಚಿನ ಕೆಲಸವೇ ಇಲ್ಲವೆಂಬುದನ್ನು ಗಮನಿಸಬೇಕು. ಆರನ್ ಕಾಪ್ಲೆಂಡ್ ಸಂಗೀತವಿರುವ 1944ರ ‘ಅಪಲೇಚಿಯನ್ ಸ್ಪ್ರಿಂಗ್’ನಲ್ಲಿ ಅದೇ ದೇಹಭಾಷೆ ಹರ್ಷಕ್ಕೂ ಒದಗಿತು. ಗ್ರೀಕ್ ಪುರಾಣಗಳನ್ನು ಆಧರಿಸಿದ ಕೆಲವು ಕೃತಿಗಳಲ್ಲಿ ಭಾವದ ಒತ್ತಡ ಅತಿಯಾಯಿತೆಂಬ ಆಕ್ಷೇಪವನ್ನು ನಾನೂ ಒಪ್ಪುತ್ತೇನೆ. ಆದರೆ ಆ ಅತಿರೇಕ ಸಂಯೋಜನೆಯ ಆಯ್ಕೆಯೇ ಹೊರತು ತಂತ್ರದ ದೋಷವಲ್ಲ.