ಓದಬೇಕು ಅಂತ ಗೊತ್ತಿದ್ದೂ ಕೂರಲಾಗದೆ ಇರೋದು ಸೋಮಾರಿತನವೇ?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ಇಂಜಿನಿಯರಿಂಗ್ ಎರಡನೇ ವರ್ಷ. ಅಸೈನ್‌ಮೆಂಟು, ಇಂಟರ್ನಲ್ಸು (ಕಾಲೇಜಿನ ಒಳಪರೀಕ್ಷೆ), ಲ್ಯಾಬ್ ರೆಕಾರ್ಡು ಎಲ್ಲವನ್ನೂ ಹಿಂದಿನ ರಾತ್ರಿವರೆಗೆ ತಳ್ಳುತ್ತೀರಿ. ಮನೆಯಲ್ಲಿ ಅಪ್ಪ ‘ಮೈಗಳ್ಳ’ ಅಂತಾರೆ. ಇದು ಸೋಮಾರಿತನವೋ ಬೇರೆ ಏನಾದರೂ ಇದೆಯೋ, ಹೀಗೇ ನಡೆದರೆ ಮುಂದೆ ಏನಾಗುತ್ತದೆ ಅಂತ ಕೇಳಿದ್ದೀರಿ. ನಾನು ಬಾಗಲಕೋಟೆಯಲ್ಲಿ ಇಂಜಿನಿಯರಿಂಗ್ ಹುಡುಗರಿಗೆ ಪಾಠ ಮಾಡುವವನು. ದಿನಾ ಕಣ್ಣೆದುರಿಗೆ ಇರುವ ವಿಷಯ, ಹಾಗಾಗಿ ಉತ್ತರ ಸ್ವಲ್ಪ ಉದ್ದವಾದೀತು.

ಮೊದಲು ಅಪ್ಪನ ಮಾತು ನೋಡೋಣ. ನಿಜವಾದ ಸೋಮಾರಿಗೆ ಕೆಲಸ ಬಿಟ್ಟು ಮಲಗಿದರೆ ನೆಮ್ಮದಿ. ನಿಮಗೆ ಆ ನೆಮ್ಮದಿ ಇದೆಯೇ? ರೀಲ್ಸ್ ನೋಡುತ್ತಾ ಎರಡು ತಾಸು ಕಳೆದರೂ ಒಳಗೊಳಗೆ ಚುಚ್ಚುತ್ತಲೇ ಇರುತ್ತದೆ ಅಂತ ನೀವೇ ಬರೆದಿದ್ದೀರಿ. ನಾನು ಕಂಡ ಹಾಗೆ, ಕೆಲಸ ಮುಂದೂಡುವ ಹುಡುಗರು ಸುಮ್ಮನೆ ಕೂರುವುದೇ ಅಪರೂಪ. ಇಂಟರ್ನಲ್ಸ್ ನಾಳೆ ಅಂದರೆ ಇವತ್ತು ರೂಮು ಗುಡಿಸುತ್ತಾರೆ, ತಿಂಗಳಿಂದ ಬಿದ್ದಿದ್ದ ಬಟ್ಟೆ ಒಗೆಯುತ್ತಾರೆ, ಗೆಳೆಯನ ಬೈಕನ್ನು ಗ್ಯಾರೇಜಿಗೆ ಒಯ್ಯುತ್ತಾರೆ. ಎಲ್ಲಾ ಕೆಲಸ ಆಗುತ್ತದೆ, ಆ ಒಂದು ಕೆಲಸ ಬಿಟ್ಟು. ಮೈಗಳ್ಳನಾಗಿದ್ದರೆ ಬಕೆಟ್ ಕೂಡ ಎತ್ತುತ್ತಿರಲಿಲ್ಲ.

ಹಾಗಾದರೆ ಆ ಒಂದು ಕೆಲಸದಲ್ಲಿ ಅಂಥದ್ದೇನಿದೆ? ಈ ವಿಷಯದಲ್ಲಿ ಹೆಚ್ಚು ಕೆಲಸ ಮಾಡಿದ ಪಿಯರ್ಸ್ ಸ್ಟೀಲ್ ಎಂಬ ಸಂಶೋಧಕ ಅದುವರೆಗಿನ ನೂರಾರು ಅಧ್ಯಯನಗಳನ್ನು ಒಟ್ಟಿಗಿಟ್ಟು 2007ರಲ್ಲಿ ಒಂದು ದೊಡ್ಡ ಲೇಖನ ಬರೆದರು. ಕೆಲಸ ಮುಂದೂಡುವುದರ ಜೊತೆ ಬಲವಾಗಿ ತಳುಕು ಹಾಕಿಕೊಂಡಿದ್ದು ಕೆಲವೇ ಸಂಗತಿಗಳು: ಕೆಲಸವೇ ಬೇಸರ ತರಿಸುವುದು, ಅದರ ಫಲ ದೂರ ಇರುವುದು, ‘ನನ್ನಿಂದ ಆಗುತ್ತೆ’ ಎಂಬ ಧೈರ್ಯ ಇಲ್ಲದಿರುವುದು, ಮನಸ್ಸು ಎತ್ತ ಎಳೆದರೆ ಅತ್ತ ಹೋಗುವ ಸ್ವಭಾವ. ‘ಸರ್, ನಾ ಮಾಡಿದ್ರ ಪರ್ಫೆಕ್ಟ್ ಆಗಿ ಮಾಡ್ತೀನ್ರಿ, ಅದಕ್ಕ ತಡ ಆಗ್ತೈತಿ’ ಅಂತ ನನ್ನ ಮುಂದೆ ಹೇಳುವವರು ಬಹಳ ಮಂದಿ. ಸ್ಟೀಲ್ ಅವರ ಲೆಕ್ಕದಲ್ಲಿ ಪರ್ಫೆಕ್ಟ್ ಆಗಬೇಕೆಂಬ ಹಟಕ್ಕೂ ತಡಮಾಡುವುದಕ್ಕೂ ಅಷ್ಟೇನೂ ನಂಟು ಕಾಣಲಿಲ್ಲ. ಕೇಳಲು ಚೆಂದದ ಕಾರಣ ಅದು, ಅಷ್ಟೇ.

ಮುಂದೆ 2013ರಲ್ಲಿ ಫ್ಯೂಷಿಯಾ ಸಿರೋಯಿಸ್ ಮತ್ತು ಟಿಮೊತಿ ಪಿಚಿಲ್ ಎಂಬಿಬ್ಬರು ಇದನ್ನು ಇನ್ನೊಂದು ಬದಿಯಿಂದ ನೋಡಿದರು. ಪುಸ್ತಕ ತೆರೆದ ಕೂಡಲೇ ಮನಸ್ಸಿಗೆ ಒಂದು ಕಸಿವಿಸಿ ಆಗುತ್ತದೆ: ಭಯ, ಬೇಸರ, ನಾಚಿಕೆ, ಏನೋ ಒಂದು. ಪುಸ್ತಕ ಮುಚ್ಚಿದರೆ ಆ ಕಸಿವಿಸಿ ಆ ಕ್ಷಣಕ್ಕೆ ಹೋಗುತ್ತದೆ. ಹೋಯಿತಲ್ಲ, ಹಾಯ್ ಅನಿಸುತ್ತದೆ. ಮರುದಿನ ಮನಸ್ಸು ಅದೇ ದಾರಿ ಹಿಡಿಯುತ್ತದೆ. ಅಂದರೆ ನಾವು ಓಡುತ್ತಿರುವುದು ಪುಸ್ತಕ ಎಬ್ಬಿಸುವ ಆ ಸಂಕಟದಿಂದ. ಮೊಬೈಲ್ ಕಾರಣ ಅಂತ ಎಲ್ಲರೂ ಬಯ್ಯುತ್ತಾರೆ. ನನ್ನ ಪ್ರಕಾರ ಅದು ಓಡಿಹೋಗಿ ಅಡಗಿಕೊಳ್ಳುವ ಜಾಗ. ಮೊಬೈಲ್ ಇಲ್ಲದ ಕಾಲದಲ್ಲಿ ಕಟ್ಟೆ ಇತ್ತು, ಕೇರಂ ಬೋರ್ಡ್ ಇತ್ತು.

ಇನ್ನು ನಮ್ಮ ಕಡೆಯ ಮಾತು. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪಿಯುಸಿಯಲ್ಲಿ ಹೇಗೋ ದಾಟಿ ಇಂಜಿನಿಯರಿಂಗಿಗೆ ಬಂದವರು ನನ್ನ ತರಗತಿಯಲ್ಲಿ ಬೇಕಾದಷ್ಟಿದ್ದಾರೆ. ಬೀಳಗಿ, ಹುನಗುಂದ, ಬಾದಾಮಿ ಕಡೆಯ ಹಳ್ಳಿಗಳವರು. ಅವರಲ್ಲೊಬ್ಬ ಹುಡುಗ, ಲೆಕ್ಕದಲ್ಲಿ ಚುರುಕು, ಥಿಯರಿ ಅಸೈನ್‌ಮೆಂಟು ಮಾತ್ರ ಯಾವತ್ತೂ ಕೊಡುತ್ತಿರಲಿಲ್ಲ. ಬೈದರೆ ‘ನಾಳೆ ಕೊಡ್ತೀನ್ರಿ ಸರ್’. ಒಂದು ದಿನ ಸಂಜೆ ಸ್ಟಾಫ್‌ರೂಮಿನಲ್ಲಿ ಎದುರಿಗೆ ಕೂರಿಸಿ, ‘ಪುಸ್ತಕ ತೆಗಿ, ಇಲ್ಲೇ ಬರಿ’ ಅಂದೆ. ಪುಟ ತೆರೆದ. ಮೊದಲ ಪ್ಯಾರಾ ಮೇಲೆ ಬೆರಳಿಟ್ಟ. ಬೆರಳು ಎರಡನೇ ಸಾಲಿಗೆ ಹೋಗಿ ನಿಂತಿತು, ಮತ್ತೆ ಮೊದಲ ಸಾಲಿಗೆ ಬಂತು. ಪೆನ್ನಿನ ಕ್ಯಾಪ್ ತೆಗೆದ, ಹಾಕಿದ. ಕೊನೆಗೆ ಮೆಲ್ಲಗೆ, ‘ಇದರಾಗ ಏನ್ ಕೇಳ್ಯಾರ ಅಂತನ ತಿಳಿಯವಲ್ದು ಸರ್’ ಅಂದ. ಪ್ರಶ್ನೆಯನ್ನು ಕನ್ನಡದಲ್ಲಿ ಬಿಡಿಸಿ ಹೇಳಿದೆ. ಉತ್ತರವನ್ನು ಕನ್ನಡದಲ್ಲೇ ಬಾಯಿಂದ ಹೇಳಿದ, ಬಹುತೇಕ ಸರಿಯಿತ್ತು. ಇಂಗ್ಲಿಷಿನಲ್ಲಿ ಬರೆಯಲು ಪೂರ್ತಿ ಒಂದು ತಾಸು ಬೇಕಾಯಿತು, ಆದರೆ ಬರೆದ.

ಅವನಿಗೆ ‘ಟೈಮ್ ಮ್ಯಾನೇಜ್‌ಮೆಂಟ್’ ಭಾಷಣ ಕೊಟ್ಟಿದ್ದರೆ ಏನು ಉಪಯೋಗವಾಗುತ್ತಿತ್ತು? ಅವನ ಹತ್ತಿರ ಸಮಯ ಇತ್ತು. ಮೊದಲ ಪುಟ ದಾಟುವ ದಾರಿ ಇರಲಿಲ್ಲ, ಗೊತ್ತಿಲ್ಲ ಅಂತ ಎಲ್ಲರೆದುರು ಕೇಳಲು ಬಾಯಿ ಬರುತ್ತಿರಲಿಲ್ಲ. ನಮ್ಮ ಭಾಗದಲ್ಲಿ ನಾಳೆಗೆ ತಳ್ಳುವವರಲ್ಲಿ ಬಹಳಷ್ಟು ಜನರ ಕಥೆ ಹೀಗೇ ಇದೆ ಅಂತ ನನ್ನ ಅನಿಸಿಕೆ. ಮೊದಲ ಸೆಮಿಸ್ಟರಿನಲ್ಲಿ ಒಂದು ವಿಷಯದಲ್ಲಿ ಹೀಗಾದರೆ, ಅದರ ಮೇಲೆ ನಿಂತ ಮುಂದಿನ ವಿಷಯವೂ ತಿಳಿಯುವುದಿಲ್ಲ, ಸಂಕಟ ಹೆಚ್ಚುತ್ತದೆ, ಮುಂದೂಡುವುದೂ ಹೆಚ್ಚುತ್ತದೆ.

ತಪ್ಪು ಹುಡುಗರದ್ದು ಮಾತ್ರ ಅಂತ ಹೇಳಲಾರೆ. ವ್ಯವಸ್ಥೆಯೇ ತಡಮಾಡುವವನ ಬೆನ್ನು ತಟ್ಟುತ್ತದೆ. ಕೊನೇ ದಿನಾಂಕ ಅಂತ ನೋಟಿಸ್ ಹಾಕುತ್ತೇವೆ, ಅರ್ಧ ಕ್ಲಾಸು ಕೊಟ್ಟಿರುವುದಿಲ್ಲ, ಒಂದು ವಾರ ಮುಂದೆ ಹಾಕುತ್ತೇವೆ. ಸಮಯಕ್ಕೆ ಕೊಟ್ಟವನಿಗೆ ಸಿಕ್ಕಿದ್ದೇನು? ಮುಂದಿನ ಸಲ ಅವನೂ ಕಾಯುತ್ತಾನೆ. ಪ್ರಶ್ನೆಪತ್ರಿಕೆಯ ರಚನೆ ನೋಡಿ: ವಿಟಿಯು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಸೆಮಿಸ್ಟರ್ ಪರೀಕ್ಷೆಯಲ್ಲಿ ಐದು ಮಾಡ್ಯೂಲು (ಪಠ್ಯದ ಭಾಗ), ಒಂದೊಂದರಲ್ಲಿ ಎರಡು ಪ್ರಶ್ನೆ, ಒಂದಕ್ಕೆ ಉತ್ತರಿಸಬೇಕು. ‘ಮೂರು ಮಾಡ್ಯೂಲ್ ಓದಿದ್ರ ಪಾಸು’ ಎಂಬ ಲೆಕ್ಕ ಎಲ್ಲರ ಬಾಯಲ್ಲೂ ಇದೆ, ಆ ಲೆಕ್ಕ ಎಷ್ಟೋ ಸಲ ಸರಿಯೂ ಆಗುತ್ತದೆ. ಸರಿಯಾದದ್ದೇ ತೊಂದರೆ. ಒಂದು ಸಲ ಎರಡು ರಾತ್ರಿ ಓದಿ ಪಾಸಾದವನಿಗೆ ಮೂರು ತಿಂಗಳು ಓದು ಅಂತ ಯಾರು ಹೇಳಿದರೂ ಕಿವಿಗೆ ಹೋಗುವುದಿಲ್ಲ.

ಕೆಳಗಿನ ತರಗತಿಗಳಲ್ಲೂ ಹೀಗೇ. 2024ರಿಂದ ಎಸ್ಸೆಸ್ಸೆಲ್ಸಿ, ದ್ವಿತೀಯ ಪಿಯುಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಬಂದವು, ಯಾವುದರಲ್ಲಿ ಹೆಚ್ಚು ಅಂಕವೋ ಅದೇ ಉಳಿಯುತ್ತದೆ. ಒಂದು ಪೇಪರ್ ಕೆಟ್ಟು ವರ್ಷವೇ ಹೋಗುತ್ತಿದ್ದ ಮಕ್ಕಳಿಗೆ ಇದು ದೊಡ್ಡ ಆಸರೆ, ನಾನು ಇದರ ಪರ. ಆದರೆ ಬಾಗಲಕೋಟೆಯ ಹೋಳಿ ಬರುವುದೂ ಪಿಯು ಪರೀಕ್ಷೆಯ ಸುಮಾರಿಗೇ. ಹಲಗಿ ಸದ್ದು ಕಿವಿಗೆ ಬಿದ್ದ ಮೇಲೆ ‘ಇದರಾಗ ಹೋದ್ರ ಪರೀಕ್ಷೆ-2 ಐತಲ್ಲ’ ಅನ್ನುವ ಮಾತು ಸಲೀಸಾಗಿ ಬರುತ್ತದೆ. ಜನವರಿಯಲ್ಲಾದರೆ ‘ಬನಶಂಕರಿ ಜಾತ್ರಿ ಮುಗೀಲಿ, ನಾಟಕ ಒಂದು ನೋಡಿ ಬರೂಣು, ಆಮ್ಯಾಲೆ ಕುಂದ್ರೂಣು’. ಜಾತ್ರೆ ನೋಡಬೇಡಿ ಅಂತ ಹೇಳುವ ಮೇಷ್ಟ್ರು ನಾನಲ್ಲ. ಜಾತ್ರೆಗೆ ಮೊದಲು ಇಷ್ಟು, ನಂತರ ಇಷ್ಟು ಅಂತ ಭಾಗ ಮಾಡಿಕೊಳ್ಳದೆ ಎಲ್ಲವನ್ನೂ ‘ನಂತರ’ಕ್ಕೆ ಇಡುವುದರ ಬಗ್ಗೆ ನನ್ನ ತಕರಾರು.

ಇನ್ನೊಂದು ಕಾರಣ, ಲೆಕ್ಕ ತಪ್ಪುವುದು. ಕೆನಡಾದಲ್ಲಿ ರೋಜರ್ ಬ್ಯೂಲರ್ ಮತ್ತು ಸಂಗಡಿಗರು ಪ್ರಬಂಧ ಬರೆಯುತ್ತಿದ್ದ ಕೊನೇ ವರ್ಷದ ವಿದ್ಯಾರ್ಥಿಗಳನ್ನು ‘ಎಷ್ಟು ದಿನ ಬೇಕು’ ಅಂತ ಕೇಳಿದರು. 1994ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಹುಡುಗರು ಹೇಳಿದ್ದು ಸರಾಸರಿ 34 ದಿನ, ಹಿಡಿದದ್ದು 55 ದಿನದ ಮೇಲೆ. ‘ಎಲ್ಲಾ ಕೆಟ್ಟರೆ ಎಷ್ಟು ಬೇಕಾದೀತು’ ಅಂತ ಕೇಳಿದಾಗ ಹೇಳಿದ ಅಂಕಿಯನ್ನೂ ನಿಜವಾದ ಅಂಕಿ ದಾಟಿತ್ತು. ನಮ್ಮಲ್ಲಿ ಇದನ್ನು ನೋಡಬೇಕೆಂದರೆ ಕೊನೇ ವರ್ಷದ ಪ್ರಾಜೆಕ್ಟ್ ರಿಪೋರ್ಟ್ ಕೊಡುವ ಹಿಂದಿನ ಸಂಜೆ ಕಾಲೇಜಿನ ಹತ್ತಿರದ ಯಾವುದಾದರೂ ಝೆರಾಕ್ಸ್ ಅಂಗಡಿಗೆ ಹೋಗಿ. ಕವರ್ ಪೇಜು ಬಣ್ಣದಲ್ಲಿ ಪ್ರಿಂಟಾಗಿರುತ್ತದೆ. ಸರ್ಟಿಫಿಕೇಟು ರೆಡಿ. ತಂದೆ-ತಾಯಿ, ಗುರುಗಳು, ಗೆಳೆಯರು ಎಲ್ಲರಿಗೂ ಧನ್ಯವಾದ ಹೇಳಿದ ಪುಟ ಮೂರು ಸಲ ತಿದ್ದಿ ರೆಡಿ. ಫಲಿತಾಂಶದ ಅಧ್ಯಾಯದಲ್ಲಿ ಮಾತ್ರ ಬರೀ ತಲೆಬರಹ. ನಾಲ್ವರಲ್ಲಿ ಒಬ್ಬ ಅಂಗಡಿಯ ಸ್ಟೂಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಗ್ರಾಫ್ ಹಾಕುತ್ತಿರುತ್ತಾನೆ, ಉಳಿದ ಮೂವರು ಅವನ ತಲೆಯ ಮೇಲೆ ಬಗ್ಗಿ ನಿಂತಿರುತ್ತಾರೆ, ಅಂಗಡಿಯವ ‘ಒಂಬತ್ತಕ್ಕ ಶಟರ್ ಹಾಕ್ತೀನಿ ನೋಡ್ರಪಾ’ ಅಂತಿರುತ್ತಾನೆ. ಯುದ್ಧಕಾಲೇ ಶಸ್ತ್ರಾಭ್ಯಾಸ ಅಂದರೆ ಇದೇ. ಗಮನಿಸಿ, ಸುಲಭದ ಪುಟಗಳೆಲ್ಲ ಯಾವತ್ತೋ ಮುಗಿದಿವೆ. ಕಷ್ಟದ್ದೊಂದೇ ಉಳಿದದ್ದು.

ಪರಿಣಾಮಕ್ಕೆ ಬರೋಣ. ಡಯಾನ್ ಟೈಸ್ ಮತ್ತು ರಾಯ್ ಬೌಮೈಸ್ಟರ್ 1997ರಲ್ಲಿ ಪ್ರಕಟಿಸಿದ ಅಧ್ಯಯನ ನನಗೆ ಬಹಳ ಪ್ರಾಮಾಣಿಕ ಅನಿಸುತ್ತದೆ, ಯಾಕೆಂದರೆ ಮುಂದೂಡುವುದರಲ್ಲಿ ಲಾಭವೂ ಇದೆ ಅಂತ ಅದು ಒಪ್ಪುತ್ತದೆ. ಸೆಮಿಸ್ಟರಿನ ಶುರುವಿನಲ್ಲಿ ಮುಂದೂಡುವ ವಿದ್ಯಾರ್ಥಿಗಳೇ ಹೆಚ್ಚು ಆರಾಮಾಗಿದ್ದರು, ಕಾಯಿಲೆಯೂ ಕಡಿಮೆ. ಕೊನೆಗೆ ಬಂದಾಗ ಒತ್ತಡ, ಕಾಯಿಲೆ ಎರಡೂ ಅವರಿಗೇ ಹೆಚ್ಚು. ಒಟ್ಟು ಕೂಡಿಸಿದರೆ ಅನುಭವಿಸಿದ್ದು ಅವರೇ ಜಾಸ್ತಿ, ಅಂಕ ಬಂದದ್ದೂ ಅವರಿಗೇ ಕಡಿಮೆ. ‘ಒತ್ತಡ ಇದ್ರನ ನನಗ ಓದು ಹತ್ತೂದು’ ಅನ್ನುವವರು ಈ ಕೊನೇ ಭಾಗ ನೋಡಬೇಕು. ಇತ್ತೀಚಿನದು ಬೇಕೆಂದರೆ, ಸ್ವೀಡನ್ನಿನಲ್ಲಿ ಮೂರೂವರೆ ಸಾವಿರ ವಿದ್ಯಾರ್ಥಿಗಳನ್ನು ಒಂಬತ್ತು ತಿಂಗಳು ಗಮನಿಸಿ 2023ರಲ್ಲಿ ವರದಿ ಪ್ರಕಟಿಸಿದರು. ಹೆಚ್ಚು ಮುಂದೂಡುವವರಲ್ಲಿ ಮುಂದೆ ಖಿನ್ನತೆ, ಆತಂಕ, ನಿದ್ರೆಯ ತೊಂದರೆ, ಒಂಟಿತನ, ಕೈ-ತೋಳಿನ ನೋವು ಕೂಡ ಸ್ವಲ್ಪ ಹೆಚ್ಚು ಕಂಡವು. ‘ಸ್ವಲ್ಪ’ ಅನ್ನುವುದನ್ನು ಬಿಡಬೇಡಿ, ಹೆದರಿಸಲು ಇದನ್ನು ಬರೆಯುತ್ತಿಲ್ಲ.

ಅಂಕದ ನಷ್ಟ ಎಲ್ಲರಿಗೂ ಕಾಣುತ್ತದೆ. ವಿಟಿಯುದಲ್ಲಿ ಈಗ ಆಂತರಿಕ ಮೌಲ್ಯಮಾಪನಕ್ಕೆ 50, ಸೆಮಿಸ್ಟರ್ ಪರೀಕ್ಷೆಗೆ 50. ಆಂತರಿಕದಲ್ಲಿ 20 ಬಾರದಿದ್ದರೆ ಪರೀಕ್ಷೆಗೇ ಕೂರುವಂತಿಲ್ಲ, ಆ 20 ಕೊನೇ ರಾತ್ರಿ ಹುಟ್ಟುವುದಿಲ್ಲ. ಬ್ಯಾಕ್‌ಲಾಗ್ (ಪಾಸಾಗದೆ ಉಳಿದ ವಿಷಯ) ಇದ್ದವರನ್ನು ಕ್ಯಾಂಪಸ್ ಸಂದರ್ಶನಕ್ಕೆ ಬರುವ ಅನೇಕ ಕಂಪನಿಗಳು ಒಳಗೇ ಬಿಡುವುದಿಲ್ಲ. ಇದೆಲ್ಲ ನಿಮಗೆ ಗೊತ್ತು.

ನನಗೆ ಹೆಚ್ಚು ಚಿಂತೆ ತರುವುದು ಬೇರೆ, ಅದು ಮಾರ್ಕ್ಸ್ ಕಾರ್ಡಿನಲ್ಲಿ ಬರುವುದಿಲ್ಲ. ಕೊಡದ ಅಸೈನ್‌ಮೆಂಟಿನಿಂದಾಗಿ ಹುಡುಗ ನನ್ನ ಕ್ಲಾಸು ತಪ್ಪಿಸುತ್ತಾನೆ. ಕ್ಲಾಸು ತಪ್ಪಿದ್ದರಿಂದ ಹಾಜರಿ ಬೀಳುತ್ತದೆ. ಕಾರಿಡಾರಿನಲ್ಲಿ ನನ್ನ ಕಂಡರೆ ಇನ್ನೊಂದು ಮೆಟ್ಟಿಲು ಹಿಡಿಯುತ್ತಾನೆ. ಆಮೇಲೆ ಊರಿಂದ ಅಪ್ಪ ಫೋನ್ ಮಾಡಿದರೆ ಎತ್ತುವುದಿಲ್ಲ, ಹಬ್ಬಕ್ಕೆ ಊರಿಗೆ ಹೋಗುವುದಿಲ್ಲ, ‘ಪರೀಕ್ಷಿ ಐತಿ’ ಅಂತಾನೆ. ಎರಡು ಹಾಳೆಯ ಅಸೈನ್‌ಮೆಂಟು ಅಪ್ಪ-ಮಗನ ನಡುವೆ ಬಂದು ಕೂರುತ್ತದೆ. ಹೀಗೆ ಅಡಗಿಕೊಳ್ಳಲು ಶುರು ಮಾಡಿದವನಿಗೆ ಸಹಾಯ ಮಾಡುವವರು ಯಾರೋ ಅವರಿಂದಲೇ ಅವನು ದೂರ ಆಗುತ್ತಾನೆ.

ಏನು ಮಾಡಬೇಕು ಅಂತ ನೀವು ಕೇಳಿಲ್ಲ, ಆದರೂ ನಾಲ್ಕು ಮಾತು ಹೇಳದೆ ಬಿಟ್ಟರೆ ಮೇಷ್ಟ್ರುತನಕ್ಕೆ ಅವಮಾನ.

ಹಿಂದಿನದಕ್ಕೆ ನಿಮ್ಮನ್ನು ನೀವು ಬೈದುಕೊಳ್ಳುವುದನ್ನು ಮೊದಲು ನಿಲ್ಲಿಸಿ. ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದ ಮೊದಲ ವರ್ಷದ ವಿದ್ಯಾರ್ಥಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲ ಪರೀಕ್ಷೆಗೆ ಓದು ಮುಂದೂಡಿದ್ದಕ್ಕೆ ತಮ್ಮನ್ನು ತಾವೇ ಕ್ಷಮಿಸಿಕೊಂಡವರು ಎರಡನೆಯದಕ್ಕೆ ಕಡಿಮೆ ಮುಂದೂಡಿದರು. ಬೈದುಕೊಂಡಷ್ಟೂ ಪುಸ್ತಕ ಇನ್ನಷ್ಟು ಕಹಿಯಾಗುತ್ತದೆ, ಓಟ ಜೋರಾಗುತ್ತದೆ. ಅಪ್ಪನಿಗೂ ಇದನ್ನು ಓದಿ ಹೇಳಿ, ಬೇಕಾದರೆ.

ಎರಡನೆಯದು, ‘ಇವತ್ತು ಥರ್ಮೋಡೈನಮಿಕ್ಸ್ ಓದ್ತೀನಿ’ ಅಂತ ನಿಶ್ಚಯ ಮಾಡಬೇಡಿ, ಅದು ಯಾರಿಂದಲೂ ಆಗುವ ಕೆಲಸವಲ್ಲ. ‘ಸಂಜೆ ಖಾನಾವಳಿಯಿಂದ ಬಂದು ಕೈ ತೊಳೆದ ಕೂಡಲೇ ಎರಡನೇ ಮಾಡ್ಯೂಲಿನ ಮೊದಲ ಲೆಕ್ಕ ನೋಟ್‌ಬುಕ್ಕಿಗೆ ಇಳಿಸ್ತೀನಿ’ ಅನ್ನಿ. ಯಾವಾಗ, ಎಲ್ಲಿ, ಯಾವ ಸಾಲು ಅಂತ ಹೀಗೆ ಕಟ್ಟಿಟ್ಟ ನಿಶ್ಚಯ ಬರೀ ಆಸೆಗಿಂತ ಹೆಚ್ಚು ಈಡೇರುತ್ತದೆ ಅಂತ ಪೀಟರ್ ಗೋಲ್‌ವಿಟ್ಸರ್ ಎಂಬ ಮನೋವಿಜ್ಞಾನಿ ತೊಂಬತ್ತರ ದಶಕದಿಂದ ತೋರಿಸುತ್ತ ಬಂದಿದ್ದಾರೆ. ಎಷ್ಟು ದಿನ ಬೇಕು ಅನಿಸುತ್ತದೋ ಅದರ ಒಂದೂವರೆ ಪಟ್ಟು ಇಟ್ಟುಕೊಳ್ಳಿ. ಒಬ್ಬರೇ ಕೂರಲಾಗದಿದ್ದರೆ ಲೈಬ್ರರಿಯಲ್ಲಿ ಗೆಳೆಯನ ಎದುರು ಕೂರಿ, ಅವನು ಬೇರೆ ವಿಷಯ ಓದುತ್ತಿದ್ದರೂ ನಡೆಯುತ್ತದೆ.

ಪ್ರಶ್ನೆಯೇ ತಿಳಿಯದೆ ನಿಂತಿದ್ದರೆ ಕನ್ನಡದಲ್ಲಿ ಕೇಳಿ. ಉಪನ್ಯಾಸಕರು ಕ್ಲಾಸಿನಲ್ಲಿ ಇಂಗ್ಲಿಷ್ ಮಾತಾಡಿದರೂ ನಾವೂ ಇದೇ ಊರುಗಳಿಂದ ಬಂದವರು. ಕ್ಲಾಸಿನಲ್ಲಿ ಸಂಕೋಚ ಆದರೆ ಸಂಜೆ ಬನ್ನಿ, ‘ಇದು ತಿಳಿದಿಲ್ರಿ’ ಅಂದರೆ ಸಾಕು. ಅರ್ಧ ಬರೆದದ್ದಿದ್ದರೆ ಅರ್ಧವನ್ನೇ ತನ್ನಿ.

ಕೊನೆಗೊಂದು. ಓದಷ್ಟೇ ಅಲ್ಲ, ಊಟ, ಸ್ನಾನ, ಗೆಳೆಯರ ಜೊತೆ ಮಾತು ಕೂಡ ಬೇಡವಾಗಿ, ನಿದ್ದೆ ಕೆಟ್ಟು ವಾರಗಟ್ಟಲೆ ಹೀಗೇ ಇದ್ದರೆ ಅದು ಮುಂದೂಡುವ ಅಭ್ಯಾಸ ಮಾತ್ರ ಆಗಿರಲಿಕ್ಕಿಲ್ಲ, ಖಿನ್ನತೆಯೂ ಇರಬಹುದು. ಅದಕ್ಕೆ ಮೇಷ್ಟ್ರ ಸಲಹೆ ಸಾಲದು, ವೈದ್ಯರನ್ನು ಕಾಣಬೇಕು. ಜಿಲ್ಲಾ ಆಸ್ಪತ್ರೆಯಲ್ಲಿ ಮನೋರೋಗ ತಜ್ಞರ ಬಗ್ಗೆ ವಿಚಾರಿಸಿ. ತಕ್ಷಣ ಯಾರ ಹತ್ತಿರವಾದರೂ ಮಾತಾಡಬೇಕೆಂದರೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.