ವಿದೇಶಾಂಗ ಇಲಾಖೆಯ ದುಡ್ಡು, ಜನ, ಸಂಸದರ ಸಮಿತಿ: ಮತ್ತೆ ಮತ್ತೆ ಬರುವ ಪ್ರಶ್ನೆಗಳಿಗೆ ಉತ್ತರ

ಬಜೆಟ್ ಮಂಡನೆಯಾಗಿ ಎರಡು ವಾರ ಕಳೆಯುವುದರೊಳಗೆ ಈ ಅಂಕಣಕ್ಕೆ ಒಂದೇ ಬಗೆಯ ಪತ್ರಗಳು ಬರಲು ಶುರುವಾಗುತ್ತವೆ. ಐಎಫ್‌ಎಸ್ ಅಂದರೆ ಭಾರತೀಯ ವಿದೇಶಾಂಗ ಸೇವೆ, ಸ್ಥಾಯಿ ಸಮಿತಿ ಅಂದರೆ ಸಚಿವಾಲಯದ ಬಜೆಟ್ಟನ್ನೂ ಕೆಲಸವನ್ನೂ ಪರಿಶೀಲಿಸುವ ಸಂಸದರ ಸಮಿತಿ; ಅದಕ್ಕಿಂತ ಹೆಚ್ಚು ಕೇಳುವವರು ಪಠ್ಯಪುಸ್ತಕ ತೆಗೆದು ನೋಡಲಿ. ಉಳಿದವುಗಳಿಗೆ ಉತ್ತರ ಇಲ್ಲಿದೆ.

ಪ್ರಶ್ನೆ: 2024–25ರಲ್ಲಿ 22,155 ಕೋಟಿ ರೂಪಾಯಿ ಇದ್ದ ವಿದೇಶಾಂಗ ಸಚಿವಾಲಯದ ಅನುದಾನ 2025–26ಕ್ಕೆ 20,516 ಕೋಟಿಗೆ ಇಳಿಯಿತು. ನಮ್ಮ ರಾಯಭಾರ ಕಚೇರಿಗಳಿಗೆ ಕತ್ತರಿ ಬಿತ್ತೇ? (ಹಾಸನದ ಓದುಗರು)

ಒಟ್ಟು ಮೊತ್ತವೊಂದನ್ನೇ ನೋಡಿ ಇಂಥ ತೀರ್ಮಾನಕ್ಕೆ ಬರಬೇಡಿ. ಆ 20,516 ಕೋಟಿಯಲ್ಲಿ 5,483 ಕೋಟಿ ಬೇರೆ ದೇಶಗಳಿಗೆ ಕೊಡುವ ನೆರವು. ಭೂತಾನ್ ಒಂದಕ್ಕೇ 2,150 ಕೋಟಿ, ಮಾಲ್ದೀವ್ಸ್‌ಗೆ 600 ಕೋಟಿ. ನೆರೆಯ ದೇಶದ ಯಾವುದೋ ಯೋಜನೆಯ ಕಂತು ಹಿಂದೆ ಮುಂದೆ ಆದರೂ ಸಚಿವಾಲಯದ ಮೊತ್ತ ಏರಿಳಿಯುತ್ತದೆ. ನಮ್ಮ ಕಾನ್ಸುಲೇಟಿನ ಗುಮಾಸ್ತರ ಸಂಬಳಕ್ಕೂ ಅದಕ್ಕೂ ಸಂಬಂಧವಿಲ್ಲ. ಅಲ್ಲದೆ ನೀವು ಹೇಳುವ 22,155 ಕೋಟಿ ಬರೀ ಬಜೆಟ್ ಅಂದಾಜು, ಅಂದರೆ ಬಜೆಟ್ ಮಂಡಿಸುವಾಗಿನ ಲೆಕ್ಕ. ಅದೇ ವರ್ಷದ ಪರಿಷ್ಕೃತ ಅಂದಾಜು, ಅಂದರೆ ವರ್ಷ ಮುಗಿಯುವ ಮುನ್ನ ತಿದ್ದಿದ ಲೆಕ್ಕ, 25,277 ಕೋಟಿಗೆ ಏರಿತ್ತು. ಬಜೆಟ್ ಅಂದಾಜು, ಪರಿಷ್ಕೃತ ಅಂದಾಜು, ನಿಜವಾದ ಖರ್ಚು ಈ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡದವರು ಮಾಡುವ ‘ಬಜೆಟ್ ವಿಶ್ಲೇಷಣೆ’ಯ ವಿಡಿಯೊಗಳನ್ನು ದಯವಿಟ್ಟು ನನಗೆ ಕಳಿಸಬೇಡಿ.

2025–26ರ ಒಟ್ಟು ಕೇಂದ್ರ ಬಜೆಟ್ 50.65 ಲಕ್ಷ ಕೋಟಿ. ಅದರಲ್ಲಿ ಈ ಸಚಿವಾಲಯದ ಪಾಲು ಶೇ 0.4ರಷ್ಟು. ಇದನ್ನು ಶೇ 1ಕ್ಕೆ ಏರಿಸಿ ಎಂದು ಸ್ಥಾಯಿ ಸಮಿತಿ ಹೇಳುತ್ತ ಬಂದಿದೆ. ನನಗೆ ಆ ಶೇ 1ರ ಮೇಲೆ ಅಂಥ ಮೋಹವಿಲ್ಲ. ಖರ್ಚು ಮಾಡುವ ಜನ ಎಲ್ಲಿಂದ ಬರುತ್ತಾರೆ ಎಂದು ಹೇಳದೆ ಶೇಕಡಾವಾರು ಕೇಳುವುದು ಬರೀ ಹಾರೈಕೆ.

ಪ್ರಶ್ನೆ: ಸಿಬ್ಬಂದಿ ಸಾಲದು ಎಂದು ಸಮಿತಿ ಪ್ರತಿವರ್ಷ ಬರೆಯುತ್ತದೆ, ಒಂದು ದಿನ ಸುದ್ದಿಯಾಗುತ್ತದೆ, ಮತ್ತೆ ಅಷ್ಟೇ. ಇದು ಹಲ್ಲಿಲ್ಲದ ಸಮಿತಿಯಲ್ಲವೇ? ಸಂಸತ್ತೇ ನೇರವಾಗಿ ಹುದ್ದೆ ಮಂಜೂರು ಮಾಡಬಾರದೇ? (ಶಿವಮೊಗ್ಗದ ರಾಜ್ಯಶಾಸ್ತ್ರ ಅಧ್ಯಾಪಕರು)

ಮಾಡಲು ಬರುವುದಿಲ್ಲ. ರಾಜ್ಯಶಾಸ್ತ್ರ ಹೇಳಿಕೊಡುವವರೇ ಹೀಗೆ ಕೇಳಿದರೆ ಹೇಗೆ? ಸಂವಿಧಾನದ 113ನೇ ವಿಧಿಯ ಪ್ರಕಾರ ಅನುದಾನ ಬೇಡಿಕೆ (ಸಚಿವಾಲಯದ ಖರ್ಚಿಗೆ ಲೋಕಸಭೆಯ ಒಪ್ಪಿಗೆ ಕೇಳುವ ಪ್ರಸ್ತಾವ) ಸದನಕ್ಕೆ ಬರುವುದು ರಾಷ್ಟ್ರಪತಿಯವರ ಶಿಫಾರಸಿನ ಮೇಲೆ, ಅಂದರೆ ಸರ್ಕಾರದ ಕಡೆಯಿಂದ. ಲೋಕಸಭೆ ಅದನ್ನು ಒಪ್ಪಬಹುದು, ತಿರಸ್ಕರಿಸಬಹುದು, ಕಡಿಮೆ ಮಾಡಬಹುದು. ಒಂದು ರೂಪಾಯಿ ಸೇರಿಸಲು ಬರುವುದಿಲ್ಲ. ಸ್ಥಾಯಿ ಸಮಿತಿಗಂತೂ ಖೋತಾ ಸೂಚನೆಯಂಥ (ಅನುದಾನ ಕಡಿತ ಮಾಡಿ ಎನ್ನುವ) ಸಲಹೆಯನ್ನೂ ಕೊಡಕೂಡದು ಎಂಬ ಕಟ್ಟಳೆಯಿದೆ. ದಿನನಿತ್ಯದ ಆಡಳಿತದಲ್ಲಿ ಕೈಹಾಕುವಂತಿಲ್ಲ, ಮಂತ್ರಿಯನ್ನು ಕರೆಸುವಂತಿಲ್ಲ. ಬಂದು ಕೂರುವವರು ವಿದೇಶಾಂಗ ಕಾರ್ಯದರ್ಶಿ ಮತ್ತವರ ಅಧಿಕಾರಿಗಳು.

ಹಾಗಾದರೆ ಇದರಿಂದ ಏನು ಉಪಯೋಗ? ಸಮಿತಿ ಲಿಖಿತ ಪ್ರಶ್ನೆ ಕಳಿಸುತ್ತದೆ, ಸಚಿವಾಲಯ ಲಿಖಿತ ಉತ್ತರ ಕೊಡಲೇಬೇಕು. ಆಮೇಲೆ ಮೌಖಿಕ ಸಾಕ್ಷ್ಯ, ಅದರ ನಂತರ ಇನ್ನೊಂದು ಸುತ್ತು ಲಿಖಿತ ಉತ್ತರ. ಇವುಗಳಿಂದ ಹೊರಬರುವ ಮಾಹಿತಿ ಬೇರೆಲ್ಲೂ ಇಷ್ಟು ಒಟ್ಟಾಗಿ ಸಿಗುವುದಿಲ್ಲ. ಸಚಿವಾಲಯದ ಎಲ್ಲ ವೃಂದ (ಕೇಡರ್) ಸೇರಿ 4,888 ಮಂದಿ, ಅದರಲ್ಲಿ ಐಎಫ್‌ಎಸ್ ಅಧಿಕಾರಿಗಳ ವೃಂದಬಲ 1,011, ಅವರಲ್ಲಿ ವಿದೇಶದ ಕಚೇರಿಗಳಲ್ಲಿ 667, ದೆಹಲಿಯಲ್ಲಿ 334 ಎಂಬ ಲೆಕ್ಕ 2023ರ ಅನುದಾನ ಬೇಡಿಕೆ ವರದಿಯಲ್ಲೇ ಇದೆ. ನೂರನಲವತ್ತು ಕೋಟಿ ಜನರ ದೇಶಕ್ಕೆ ಇಷ್ಟೇನಾ ಎಂದು ಎಲ್ಲರೂ ಆಡಿಕೊಳ್ಳುತ್ತಿರುವುದು ಸಮಿತಿ ಕೇಳಿ ಪಡೆದ ಈ ಅಂಕಿಗಳನ್ನು ಇಟ್ಟುಕೊಂಡೇ.

ಈಗ ಗಂಟು ಎಲ್ಲಿದೆ ನೋಡೋಣ. ‘ದುಡ್ಡು ಕೊಟ್ಟರೆ ಆಯಿತು’ ಅನ್ನುವವರಿಗೆ ಹುದ್ದೆ ಹೇಗೆ ಹುಟ್ಟುತ್ತದೆ ಎಂದೇ ಗೊತ್ತಿಲ್ಲ. ಹೊಸ ಹುದ್ದೆ ಬೇಕಾದರೆ ಸಚಿವಾಲಯ ಹಣಕಾಸು ಸಚಿವಾಲಯದ ವೆಚ್ಚ ಇಲಾಖೆಯನ್ನು ಒಪ್ಪಿಸಬೇಕು, ದೊಡ್ಡ ಪ್ರಸ್ತಾವವಾದರೆ ಸಂಪುಟದವರೆಗೆ ಹೋಗಬೇಕು. ವೆಚ್ಚ ಇಲಾಖೆಯವರ ಲೆಕ್ಕವೂ ತಪ್ಪಲ್ಲ. ವಿದೇಶದಲ್ಲಿ ಒಂದು ಹುದ್ದೆ ಎಂದರೆ ಬರೀ ಸಂಬಳವಲ್ಲ. ವಿದೇಶ ಭತ್ಯೆ, ಮನೆ ಬಾಡಿಗೆ, ಮಕ್ಕಳ ಶಾಲೆ, ರಜೆಗೆ ಊರಿಗೆ ಬರುವ ವಿಮಾನ ಟಿಕೆಟ್ ಎಲ್ಲ ಸೇರುತ್ತದೆ. ಅದರಲ್ಲಿ ಬಹುಪಾಲು ವಿದೇಶಿ ಕರೆನ್ಸಿಯಲ್ಲಿ ಕೊಡಬೇಕಾದ್ದು. ರೂಪಾಯಿ ಕುಸಿದರೆ ಹೊಸದಾಗಿ ಒಬ್ಬರನ್ನೂ ನೇಮಿಸದೆಯೇ ಖರ್ಚು ಏರುತ್ತದೆ. ಇನ್ನೊಂದು ಸಂಗತಿ ಯಾರೂ ಹೇಳುವುದಿಲ್ಲ. ಬಹುಕಾಲ ಖಾಲಿ ಬಿದ್ದ ಹುದ್ದೆ ರದ್ದಾದಂತೆ ಎಂಬ ನಿಯಮ ಕೇಂದ್ರ ಸರ್ಕಾರದಲ್ಲಿದೆ. ಹಾಗೆ ಕಳೆದುಕೊಂಡ ಹುದ್ದೆಗೆ ಮತ್ತೆ ಜೀವ ಕೊಡಿಸಲು ಹಣಕಾಸಿನವರ ಬಾಗಿಲನ್ನೇ ತಟ್ಟಬೇಕು.

ಹುದ್ದೆ ಸಿಕ್ಕಿತು ಅಂದುಕೊಳ್ಳಿ. ಜನ? ಐಎಫ್‌ಎಸ್‌ಗೆ ದಾರಿ ಯುಪಿಎಸ್‌ಸಿ ನಾಗರಿಕ ಸೇವಾ ಪರೀಕ್ಷೆ. 2023ರ ಪರೀಕ್ಷೆಯಲ್ಲಿ ಐಎಫ್‌ಎಸ್‌ಗೆ ಇದ್ದದ್ದು 37 ಸ್ಥಾನ, 2024ರದ್ದರಲ್ಲಿ 55. ಏರಿಕೆ ಒಳ್ಳೆಯದೇ, ಆದರೆ ಈ ಸಲ ಸೇರಿದವರು ತರಬೇತಿ ಮುಗಿಸಿ, ಒಂದು ವಿದೇಶಿ ಭಾಷೆ ಕಲಿತು, ಒಂದು ವಿಭಾಗವನ್ನು ಹೊತ್ತು ನಡೆಸುವ ಜಂಟಿ ಕಾರ್ಯದರ್ಶಿ ಆಗಲು ಒಂದೂವರೆ ದಶಕವಾದರೂ ಬೇಕು. 2018ರ ಮಾರ್ಚ್‌ನಲ್ಲಿ ಆಫ್ರಿಕಾದಲ್ಲಿ 18 ಹೊಸ ಕಚೇರಿಗಳಿಗೆ ಸಂಪುಟ ಒಪ್ಪಿಗೆ ಕೊಟ್ಟಿತು. ಹುದ್ದೆ ಹೊಸದಾದರೂ ಅಲ್ಲಿಗೆ ಹೋಗುವ ಅನುಭವಿ ಅಧಿಕಾರಿ ಇರುವವರ ಪೈಕಿಯೇ ಆಗಬೇಕು. ಅಂದರೆ ಇನ್ನೆಲ್ಲೋ ಒಂದು ಕುರ್ಚಿ ಖಾಲಿಯಾಗುತ್ತದೆ. ಇದು ತೆಂಗಿನ ಸಸಿ ನೆಟ್ಟ ವರ್ಷವೇ ಎಳನೀರು ಕೇಳಿದ ಹಾಗೆ. ಇಪ್ಪತ್ತು ವರ್ಷದ ಹಿಂದೆ ಕಡಿಮೆ ಜನರನ್ನು ತೆಗೆದುಕೊಂಡದ್ದರ ಫಲ ಇವತ್ತಿನ ಕೊರತೆ. ಯಾವ ಬಜೆಟ್ಟೂ ಒಂದು ವರ್ಷದಲ್ಲಿ ಅದನ್ನು ತುಂಬಿಸಲಾರದು. ಬೇರೆ ಇಲಾಖೆಗಳಿಂದ ನಿಯೋಜನೆಯ ಮೇಲೆ ಕರೆಸಿಕೊಳ್ಳುವುದೊಂದು ದಾರಿ ಇದೆ. ವಾಣಿಜ್ಯ, ರಕ್ಷಣೆಯಂಥ ಕೆಲಸಗಳಿಗೆ ಅದು ಹೊಂದುತ್ತದೆ, ಎಲ್ಲದಕ್ಕೂ ಅಲ್ಲ.

ಸಮಿತಿಯ ಕಡೆಯ ಲೋಪಗಳನ್ನೂ ಹೇಳಬೇಕು. 1993ರಲ್ಲಿ ಈ ವ್ಯವಸ್ಥೆ ಬಂತು. ಈಗ ಒಂದೊಂದು ಸಮಿತಿಯಲ್ಲಿ 31 ಸದಸ್ಯರು, 21 ಲೋಕಸಭೆಯಿಂದ, 10 ರಾಜ್ಯಸಭೆಯಿಂದ. ಅವಧಿ ಬರೀ ಒಂದು ವರ್ಷ. ಬಜೆಟ್ ಅಧಿವೇಶನದ ನಡುವಿನ ಬಿಡುವಿನ ಕೆಲವೇ ವಾರಗಳಲ್ಲಿ ಇಡೀ ಸಚಿವಾಲಯದ ಬೇಡಿಕೆ ಓದಿ, ಸಾಕ್ಷ್ಯ ಕೇಳಿ, ವರದಿ ಬರೆಯಬೇಕು. ಆ ಗಡಿಬಿಡಿಯಲ್ಲಿ ಹತ್ತಾರು ಶಿಫಾರಸು ತುರುಕುತ್ತಾರೆ. ಪಾಸ್‌ಪೋರ್ಟ್‌ನಿಂದ ಹಿಡಿದು ಸಾಂಸ್ಕೃತಿಕ ಕೇಂದ್ರದವರೆಗೆ ಎಲ್ಲಕ್ಕೂ ಒಂದೊಂದು ಪ್ಯಾರಾ. ನನ್ನನ್ನು ಕೇಳಿದರೆ, ಸಿಬ್ಬಂದಿಯ ಬಗ್ಗೆ ನಾಲ್ಕೇ ಶಿಫಾರಸು ಬರೆದು ಪ್ರತಿಯೊಂದಕ್ಕೂ ಗಡುವು ಕೇಳುವುದು ವಾಸಿ. ಅಧ್ಯಕ್ಷರು ಯಾವ ಪಕ್ಷದವರು ಎಂಬುದರಿಂದ ಇಲ್ಲಿ ಹೆಚ್ಚು ವ್ಯತ್ಯಾಸವಾಗಿಲ್ಲ. ಹದಿನೈದನೇ ಲೋಕಸಭೆಯಲ್ಲಿ ನಮ್ಮ ಬೆಂಗಳೂರು ದಕ್ಷಿಣದ ಅನಂತಕುಮಾರ್ ಇದ್ದರು, ಆಮೇಲೆ ಶಶಿ ತರೂರ್, ಪಿ.ಪಿ. ಚೌಧರಿ, 2024ರಿಂದ ಮತ್ತೆ ತರೂರ್. ಜನ ಸಾಲದು ಎಂಬ ಪಲ್ಲವಿ ಮಾತ್ರ ಹಾಗೇ ಉಳಿದಿದೆ.

ಹಲ್ಲಿದೆಯೋ ಇಲ್ಲವೋ ಎಂದು ನೋಡಬೇಕಾದರೆ ಮೂಲ ವರದಿಯನ್ನಲ್ಲ, ಆಮೇಲೆ ಬರುವ ‘ಕೈಗೊಂಡ ಕ್ರಮ’ದ ವರದಿಯನ್ನು ತೆರೆಯಿರಿ. ಸಚಿವಾಲಯ ಮೂರು ತಿಂಗಳೊಳಗೆ ಉತ್ತರ ಕೊಡಬೇಕು, ಸಮಿತಿ ಆ ಉತ್ತರಗಳನ್ನು ಅಧ್ಯಾಯಗಳಾಗಿ ವಿಂಗಡಿಸುತ್ತದೆ. ಎರಡನೆಯದು ಸರ್ಕಾರ ಒಪ್ಪಿದ ಶಿಫಾರಸುಗಳು, ಮೂರನೆಯದು ಸಮಿತಿ ಮುಂದುವರಿಸಲು ಬಯಸದವು, ನಾಲ್ಕನೆಯದು ಸರ್ಕಾರದ ಉತ್ತರವನ್ನು ಸಮಿತಿ ಒಪ್ಪದವು, ಐದನೆಯದು ಅಂತಿಮ ಉತ್ತರ ಇನ್ನೂ ಬಾರದವು. ಎರಡನೇ ಅಧ್ಯಾಯ ದಪ್ಪಗಿದೆ ಎಂದು ಹಿಗ್ಗಬೇಡಿ. ‘ಸಮಿತಿಯ ಅಭಿಪ್ರಾಯವನ್ನು ಗಮನಿಸಲಾಗಿದೆ’ ಎಂಬ ಒಂದು ಸಾಲಿನ ಉತ್ತರವೂ ಎಷ್ಟೋ ಸಲ ಅಲ್ಲಿಗೇ ಬಂದು ಸೇರಿರುತ್ತದೆ. ನಿಜವಾದ ಜಗಳ ಇರುವುದು ನಾಲ್ಕರಲ್ಲಿ. ಮಂತ್ರಿ ಆರು ತಿಂಗಳಿಗೊಮ್ಮೆ ಸದನದಲ್ಲಿ ಈ ಬಗ್ಗೆ ಹೇಳಿಕೆ ಕೊಡಬೇಕೆಂದು ಸ್ಪೀಕರ್ ನಿರ್ದೇಶನವಿದೆ. ಆ ಹೇಳಿಕೆಯನ್ನು ಹಿಡಿದು ಪ್ರಶ್ನೆ ಕೇಳುವ ಸಂಸದರು ಎಷ್ಟು ಮಂದಿ? ನಿಮ್ಮ ಸಂಸದರಿಗೆ ಪತ್ರ ಬರೆಯುವುದಾದರೆ ಇದನ್ನು ಬರೆಯಿರಿ. ಸದನದಲ್ಲಿ ಪ್ರತಿವರ್ಷ ಕೆಲವೇ ಸಚಿವಾಲಯಗಳ ಬೇಡಿಕೆ ಚರ್ಚೆಗೆ ಬರುತ್ತದೆ, ಉಳಿದದ್ದೆಲ್ಲ ಗಿಲೋಟಿನ್‌ಗೆ, ಅಂದರೆ ಚರ್ಚೆಯಿಲ್ಲದೆ ಒಟ್ಟಿಗೆ ಮತಕ್ಕೆ. ಹಾಗಾಗಿ ಚರ್ಚೆಯೇ ಇಲ್ಲದೆ ಪಾಸಾಗುವ ವರ್ಷಗಳಲ್ಲಿ ಈ ಸಚಿವಾಲಯವನ್ನು ಯಾರಾದರೂ ಸಾಲು ಸಾಲಾಗಿ ಓದುವುದಿದ್ದರೆ ಅದು ಈ ಸಮಿತಿಯ ಕೋಣೆಯಲ್ಲಿ ಮಾತ್ರ.

ಪ್ರಶ್ನೆ: ಸಮಿತಿಯ ಕಲಾಪ ಟಿವಿಯಲ್ಲಿ ಯಾಕೆ ಬರುವುದಿಲ್ಲ? ಏನನ್ನೋ ಮುಚ್ಚಿಡುತ್ತಿದ್ದಾರೆ.

ಕ್ಯಾಮೆರಾ ಇದ್ದರೆ ಸಂಸದರು ಕ್ಯಾಮೆರಾಗೆ ಮಾತಾಡುತ್ತಾರೆ, ಅಧಿಕಾರಿಗಳು ಮಾತೇ ಆಡುವುದಿಲ್ಲ.

ಪ್ರಶ್ನೆ: ಬೆಂಗಳೂರಿನ ಅಮೆರಿಕನ್ ಕಾನ್ಸುಲೇಟಿಗೆ ನಮ್ಮ ವಿದೇಶಾಂಗ ಬಜೆಟ್ಟಿನಿಂದ ಎಷ್ಟು ಖರ್ಚಾಯಿತು?

ಅದು ಅಮೆರಿಕದವರ ಕಚೇರಿ, ಖರ್ಚೂ ಅವರದೇ. 2025ರ ಜನವರಿಯ ಉದ್ಘಾಟನೆಯಲ್ಲಿ ನಮ್ಮ ಮಂತ್ರಿ ಇದ್ದರು ಎಂದಮಾತ್ರಕ್ಕೆ ಬಿಲ್ ನಮಗೆ ಬರುವುದಿಲ್ಲ.

ಪ್ರಶ್ನೆ: ಕೊಲ್ಲಿಯ ಒಂದು ದೇಶದಲ್ಲಿ ನಮ್ಮೂರಿನ ಹುಡುಗ ತೀರಿಕೊಂಡಾಗ, ಪಾರ್ಥಿವ ಶರೀರ ಕಳಿಸಲು ಬಜೆಟ್ ಇಲ್ಲ ಎಂದು ಯಾರೋ ಹೇಳಿದರಂತೆ. ಸಂಸತ್ತು ಇದನ್ನು ನೋಡುವುದಿಲ್ಲವೇ? (ಉಡುಪಿಯ ಓದುಗರು)

‘ಯಾರೋ ಹೇಳಿದರಂತೆ’ ಎಂಬಲ್ಲೇ ತೊಂದರೆ. ಈ ಕೆಲಸಕ್ಕೆ 2009ರಿಂದ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ. ಅದಕ್ಕೆ ಹಣ ಬರುವುದು ಪಾಸ್‌ಪೋರ್ಟ್, ವೀಸಾದಂಥ ಕಾನ್ಸುಲರ್ ಸೇವೆಗಳ ಮೇಲೆ ಹಾಕುವ ಸಣ್ಣ ಶುಲ್ಕದಿಂದ. ಬಜೆಟ್ ಏರಿತೋ ಇಳಿಯಿತೋ ಎಂಬುದು ಅದಕ್ಕೆ ಅಡ್ಡಿಯಲ್ಲ. ಕೆಲಸಕ್ಕಿಟ್ಟುಕೊಂಡವನು ಖರ್ಚು ಭರಿಸಬೇಕಿದ್ದರೆ ಕಚೇರಿ ಮೊದಲು ಅವನನ್ನೇ ಕೇಳುತ್ತದೆ. ಅವನು ಕೈಕೊಟ್ಟರೆ, ಮನೆಯವರಿಗೆ ಶಕ್ತಿಯಿಲ್ಲದಿದ್ದರೆ, ನಿಧಿಯ ಹೆಸರನ್ನೇ ಬರೆದು ಲಿಖಿತವಾಗಿ ಕೇಳಿ, ಸಚಿವಾಲಯದ ‘ಮದದ್’ ಪೋರ್ಟಲ್‌ನಲ್ಲಿ ದೂರು ದಾಖಲಿಸಿ ನೋಂದಣಿ ಸಂಖ್ಯೆ ಇಟ್ಟುಕೊಳ್ಳಿ. ಫೋನಿನಲ್ಲಿ ಕೇಳಿದ್ದಕ್ಕೂ ಹೇಳಿದ್ದಕ್ಕೂ ಯಾವ ಲೆಕ್ಕವೂ ಇರುವುದಿಲ್ಲ. ಸಂಸದರು ಸಹಾಯ ಮಾಡಬೇಕಾದರೂ ಅವರು ಮೊದಲು ಕೇಳುವುದು ಆ ಸಂಖ್ಯೆಯನ್ನೇ.

ಪ್ರಶ್ನೆ: ಸಿಬ್ಬಂದಿ ಕೊರತೆ ಇರುವುದರಿಂದ ರಾಯಭಾರ ಕಚೇರಿಗಳಿಗೆ ನೇರ ನೇಮಕಾತಿ ನಡೆಯುತ್ತಿದೆ, ಮೂರು ಲಕ್ಷ ಕೊಟ್ಟರೆ ಸೀಟು ಖಾತರಿ ಎಂದು ಒಬ್ಬರು ಹೇಳುತ್ತಿದ್ದಾರೆ. ನಂಬಬಹುದೇ? (ಕಲಬುರಗಿಯ ಪದವೀಧರರು)

ಕೊಡಬೇಡಿ. ಐಎಫ್‌ಎಸ್‌ಗೆ ಪ್ರತ್ಯೇಕ ಪರೀಕ್ಷೆ, ವೃತ್ತಿಯ ನಡುವೆ ಪ್ರವೇಶ ಇವೆಲ್ಲದರ ಬಗ್ಗೆ ಸಮಿತಿ 2016ರಲ್ಲಿ ಒಂದು ವರದಿಯನ್ನೇ ಕೊಟ್ಟಿದೆ. ವರದಿಯಲ್ಲಿ ಚರ್ಚೆಯಾದದ್ದೆಲ್ಲ ನೇಮಕಾತಿ ಅಧಿಸೂಚನೆಯಲ್ಲ. ಈ ಏಜೆಂಟರೂ ಕೆಲವು ಕೋಚಿಂಗ್ ಸೆಂಟರ್‌ಗಳೂ ಅದರ ಸುದ್ದಿಯ ತುಣುಕು ತೋರಿಸಿಯೇ ದುಡ್ಡು ಕೀಳುತ್ತಿದ್ದಾರೆ. ಕೆಳಗಿನ ಹುದ್ದೆಗಳಿಗೆ ಕೇಂದ್ರದ ಸಿಬ್ಬಂದಿ ಆಯ್ಕೆ ಆಯೋಗದ ಪರೀಕ್ಷೆ ಇದೆ, ಮೇಲಿನವಕ್ಕೆ ಯುಪಿಎಸ್‌ಸಿ. ವಿದೇಶದ ಕಚೇರಿಗಳು ಸ್ಥಳೀಯವಾಗಿ ನೇಮಿಸಿಕೊಳ್ಳುವ ಚಾಲಕ, ಗುಮಾಸ್ತರಂಥ ಕೆಲಸಗಳಿಗೆ ಪ್ರಕಟಣೆ ಆಯಾ ಕಚೇರಿಯ ಜಾಲತಾಣದಲ್ಲೇ ಬರುತ್ತದೆ, ಕಲಬುರಗಿಯ ಬಸ್ ಸ್ಟ್ಯಾಂಡ್ ಎದುರಿನ ಆಫೀಸಿನಲ್ಲಿ ಅಲ್ಲ. ಈಗಾಗಲೇ ಮುಂಗಡ ಕೊಟ್ಟಿದ್ದರೆ ರಸೀದಿ, ವಾಟ್ಸ್‌ಆ್ಯಪ್ ಸಂದೇಶ ಎಲ್ಲ ಹಿಡಿದುಕೊಂಡು ಇವತ್ತೇ ಪೊಲೀಸ್ ಠಾಣೆಗೆ ಹೋಗಿ. ಮುಂದಿನ ಕಂತು ಕೊಟ್ಟ ಮೇಲೆ ನನಗೆ ಪತ್ರ ಬರೆದರೆ ಪ್ರಯೋಜನವಿಲ್ಲ.