ಎತ್ತರಿಸಿದ ಪಿಕಪ್ ಕುಕ್ಕುತ್ತೆ, ನಡುಗುತ್ತೆ: ಶಾಕ್ ಬದಲಿಸೋ ಮೊದಲು ಇಷ್ಟು ಅಳೆದು ನೋಡ್ರಿ

ಮಲೇಬೆನ್ನೂರಿನ ಅಣ್ಣ ಕೇಳಿರೋದು ಇಷ್ಟು: ಡಬಲ್ ಕ್ಯಾಬ್ ಇಸುಜು ವಿ-ಕ್ರಾಸ್ ಪಿಕಪ್, ಮುಂದೆ ಶಾಕ್ ಅಬ್ಸಾರ್ಬರ್ ತಲೆ ಮೇಲೆ ಸ್ಪೇಸರ್ (ಎತ್ತರ ಕೊಡೋ ಬಿಲ್ಲೆ), ಹಿಂದೆ ಒಂದು ಎಕ್ಸ್‌ಟ್ರಾ ಸ್ಪ್ರಿಂಗ್ ಪ್ಲೇಟು ಮತ್ತು ಉದ್ದನೆ ಶಾಕಲ್ (ಪ್ಲೇಟಿನ ಹಿಂದಿನ ತುದಿಯನ್ನ ಛಾಸಿಗೆ ನೇತುಹಾಕೋ ಕೊಂಡಿ), ಒಟ್ಟು ಎರಡು ಇಂಚು ಎತ್ತರ, ಎಲ್‌ಟಿ ಆಲ್ ಟೆರೇನ್ ಟಯರು (ಲಘು ಲಾರಿಗೆ ಅಂತ ಮಾಡಿದ ಗಟ್ಟಿ ಟಯರು). ಖಾಲಿ ಇದ್ದಾಗ ಹಳ್ಳಿ ರಸ್ತೇಲಿ ಕುಕ್ಕುತ್ತೆ. ಹರಿಹರ ದಾಟಿ ಹೈವೇಗೆ ಬಿದ್ದರೆ 80ರಿಂದ 95ರ ನಡುವೆ ನಡುಕ. ನಾಲೆ ಏರಿ ಹತ್ತಿಸೋವಾಗ ಒಂದು, ಎರಡನೇ ಗೇರಲ್ಲಿ ಅಡಿಯಿಂದ ಗಡಗಡ. ಹಂಪ್ ಇಳಿಯುವಾಗ ಮುಂದೆ 'ಟಕ್'. ಇದಕ್ಕೆ ಮೇಲಿನ ಉತ್ತರಗಳಲ್ಲಿ ಮೂರು ಜನ "ನಾಲ್ಕೂ ಶಾಕ್ ಬದಲಿಸಿ" ಅಂದಿದ್ದಾರೆ. ತಡೀರಿ ಅಣ್ಣ, ದುಡ್ಡು ಬಿಚ್ಚಬೇಡಿ. ನೀವು ಹೇಳಿದ್ದರಲ್ಲಿ ನಾಲ್ಕು ಬೇರೆ ಬೇರೆ ತೊಂದರೆ ಇವೆ, ಶಾಕಿಗೂ ಅವಕ್ಕೂ ನೇರ ಸಂಬಂಧ ಕಡಿಮೆ.

ಮೊದಲು ಗಾಳಿ. ಪಂಕ್ಚರ್ ಅಂಗಡಿಯವರು ಪಿಕಪ್ ಕಂಡ ಕೂಡಲೇ 45 ಪಿಎಸ್‌ಐ ಹೊಡೆದು ಕಳಿಸ್ತಾರೆ. ಎಲ್‌ಟಿ ಟಯರಿನ ಪಕ್ಕದ ಗೋಡೆ ಮೊದಲೇ ಗಟ್ಟಿ, ಅದಕ್ಕೆ 45 ತುಂಬಿದರೆ ಖಾಲಿ ಗಾಡಿ ಕಲ್ಲಿನ ಚಕ್ರದ ಮೇಲೆ ಓಡಿದ ಹಾಗೆ. ಅದೇ ಭಾರ ಹೊರೋಕೆ ಎಲ್‌ಟಿಗೆ ಸ್ವಲ್ಪ ಹೆಚ್ಚು ಗಾಳಿ ಬೇಕು ಅನ್ನೋದು ನಿಜ, ಆದರೆ ಎಷ್ಟು ಅಂತ ಟಯರನ್ನೇ ಕೇಳ್ರಿ. ಬೆಳಿಗ್ಗೆ ಟಯರ್ ತಣ್ಣಗಿದ್ದಾಗ ಬಾಗಿಲ ಚೌಕಟ್ಟಿನ ಸ್ಟಿಕರಲ್ಲಿರೋ ಅಂಕಿಗಿಂತ 3-4 ಪಿಎಸ್‌ಐ ಜಾಸ್ತಿ ಇಡಿ. ಟಯರಿನ ನೆಲಕ್ಕೆ ತಾಗೋ ಗುಂಡಿಗಳ ಮೇಲೆ ಅಡ್ಡಕ್ಕೆ ಸೀಮೆಸುಣ್ಣದ ದಪ್ಪ ಗೆರೆ ಎಳೆದು, ಒಣ ಡಾಂಬರಲ್ಲಿ ನೇರವಾಗಿ ನೂರು ಮೀಟರ್ ಹೋಗಿ ಇಳಿದು ನೋಡಿ. ನಡುವೆ ಮಾತ್ರ ಅಳಿಸಿದ್ದರೆ ಗಾಳಿ ಜಾಸ್ತಿ, ಅಂಚುಗಳಷ್ಟೇ ಅಳಿಸಿದ್ದರೆ ಕಡಿಮೆ. ಗೆರೆ ಪೂರ್ತಿ ಒಂದೇ ಸಮ ಅಳಿಸೋ ತನಕ ಎರಡೆರಡು ಪಿಎಸ್‌ಐ ಬದಲಿಸಿ, ಮುಂದಿನದು ಹಿಂದಿನದು ಬೇರೆ ಬೇರೆ ಬರೆದಿಡಿ. ಲೋಡ್ ಹಾಕುವ ದಿನ ಹಿಂದೆ ಮತ್ತೆ ಏರಿಸಬೇಕು, ಇದನ್ನ ಮರೀಬೇಡಿ.

ಇನ್ನು 80-95ರ ನಡುಕ. ಇದು ಚಕ್ರದ್ದೋ ಪ್ರೊಪೆಲ್ಲರ್ ಶಾಫ್ಟಿಂದೋ (ಗೇರ್‌ಬಾಕ್ಸಿಂದ ಹಿಂದಿನ ಆಕ್ಸಲಿಗೆ ಹೋಗೋ ಉದ್ದನೆ ದಂಡ) ಅಂತ ಕೂತಲ್ಲೇ ಹೇಳಬಹುದು. 30 ಇಂಚಿನ ಟಯರಿನ ಸುತ್ತಳತೆ ಸುಮಾರು 2.4 ಮೀಟರ್. 90ರ ವೇಗ ಅಂದರೆ ಸೆಕೆಂಡಿಗೆ 25 ಮೀಟರ್. ಅಲ್ಲಿಗೆ ಚಕ್ರ ಸೆಕೆಂಡಿಗೆ ಹತ್ತು ಸುತ್ತು. ಶಾಫ್ಟು ಅದರ ಸುಮಾರು ನಾಲ್ಕು ಪಟ್ಟು ತಿರುಗುತ್ತೆ, ಅಂದರೆ ನಲವತ್ತು. ಹತ್ತರ ನಡುಕ ಕೈಗೆ ದಡದಡ ಅಂತ ಸಿಗುತ್ತೆ, ಸ್ಟೀರಿಂಗ್ ಅಲ್ಲಾಡೋದು ಕಣ್ಣಿಗೂ ಕಾಣುತ್ತೆ. ನಲವತ್ತರದ್ದು ಜುಂ ಅಂತ ಸೀಟಿಗೆ, ಕಾಲಡಿಗೆ ಬರುತ್ತೆ, ಕನ್ನಡೀಲಿ ಹಿಂದಿನ ಗಾಡಿ ಮಸುಕಾಗುತ್ತೆ. ಸ್ಟೀರಿಂಗಿಗೆ ಬಂದರೆ ಮುಂದಿನ ಚಕ್ರ, ಸೀಟಿಗೆ ದಡದಡ ಬಂದರೆ ಹಿಂದಿನ ಚಕ್ರ. ಬ್ರೇಕ್ ಒತ್ತಿದಾಗ ಮಾತ್ರ ಬಂದರೆ ಡಿಸ್ಕ್, ಅದು ಬೇರೆ ಕಥೆ.

ಚಕ್ರ ಅಂತಾದರೆ ಬ್ಯಾಲೆನ್ಸಿಂಗಿಗೆ ಓಡೋ ಮೊದಲು ನಾಲ್ಕೂ ಬಿಚ್ಚಿ ರಿಮ್ಮಿನ ಒಳಮೈ ತೊಳೀರಿ. ನಮ್ಮ ಕಡೆಯ ಎರೆಮಣ್ಣು ಗದ್ದೆ ದಾರೀಲಿ ಹಸಿಯಾಗಿ ಹತ್ತಿಕೊಂಡು ಒಳಗೇ ಒಣಗಿ ಸಿಮೆಂಟ್ ಆಗಿರುತ್ತೆ. 20-30 ಗ್ರಾಂ ಸೀಸದ ತೂಕ ಹಾಕಿ ಸರಿ ಮಾಡೋ ಜಾಗದಲ್ಲಿ ಅಂಗೈಯಗಲದ ಮಣ್ಣಿನ ಹೆಂಟೆ ಇದ್ದರೆ ಯಾವ ಬ್ಯಾಲೆನ್ಸಿಂಗೂ ನಿಲ್ಲಲ್ಲ. ಮಣ್ಣಿನ ಮೇಲೇ ಬ್ಯಾಲೆನ್ಸ್ ಮಾಡಿಸಿದ್ದರೆ ಇನ್ನೂ ಚೆಂದ: ಮಣ್ಣು ಉದುರಿದ ದಿನ ನಡುಕ ಶುರು. ತೊಳೆದ ಮೇಲೂ ಒಂದೇ ಚಕ್ರ ನೂರು ಗ್ರಾಮಿಗಿಂತ ಹೆಚ್ಚು ತೂಕ ಕೇಳಿದರೆ ಟಯರನ್ನ ರಿಮ್ಮಿನ ಮೇಲೆ ಅರ್ಧ ಸುತ್ತು ತಿರುಗಿಸಿ ಕೂರಿಸಿ ಮತ್ತೆ ನೋಡೋಕೆ ಹೇಳಿ. ಜಾಕ್ ಕೊಟ್ಟು, ಕೆಳಗೆ ಸ್ಟ್ಯಾಂಡ್ ಇಟ್ಟು, ಟಯರಿನ ಹತ್ತಿರ ಒಂದು ಕಡ್ಡಿ ಊರಿ ಚಕ್ರ ತಿರುಗಿಸಿ. ಕಡ್ಡಿಗೂ ಟಯರಿಗೂ ನಡುವಿನ ಸಂದು ಒಂದೂವರೆ ಮಿಲಿಮೀಟರಿಗಿಂತ ಜಾಸ್ತಿ ಏರಿಳಿದರೆ ಟಯರ್ ಅಥವಾ ರಿಮ್ ಸೊಟ್ಟ, ತೂಕ ಹಾಕಿ ಪ್ರಯೋಜನ ಇಲ್ಲ. ಹೊರಗಿನ ಅಲಾಯ್ ಹಾಕಿಸಿದ್ದರೆ ನಡುವಿನ ತೂತು ಹಬ್ಬಿಗೆ ಬಿಗಿಯಾಗಿ ಕೂರುತ್ತಾ ನೋಡಿ. ಸಡಿಲ ಇದ್ದರೆ ಹಬ್ ರಿಂಗ್ ಬೇಕು. ನಟ್ಟುಗಳನ್ನ ಒಂದರ ಪಕ್ಕ ಒಂದು ಬಿಗೀಬೇಡಿ, ಎದುರುಬದುರು ಬಿಗೀರಿ, ಕೊನೆ ಬಿಗಿತ ಚಕ್ರ ನೆಲಕ್ಕೆ ಇಳಿಸಿದ ಮೇಲೆ.

ಚಕ್ರ ಎತ್ತಿದಾಗಲೇ ಲೂಸ್ ನೋಡಿಬಿಡಿ. ಮೇಲೆ-ಕೆಳಗೆ ಹಿಡಿದು ಅಲ್ಲಾಡಿಸಿದಾಗ ಆಟ ಬಂದರೆ ಒಬ್ಬರಿಗೆ ಬ್ರೇಕ್ ಒತ್ತೋಕೆ ಹೇಳಿ: ಆಟ ನಿಂತರೆ ಬೇರಿಂಗ್, ನಿಲ್ಲದಿದ್ದರೆ ಬಾಲ್ ಜಾಯಿಂಟ್. ಎಡ-ಬಲ ಆಟ ಟೈ ರಾಡ್ ಅಥವಾ ರ‍್ಯಾಕಿನದು.

ನಾಲೆ ಏರಿ ಮೇಲಿನ ಗಡಗಡ ನನ್ನ ಲೆಕ್ಕದಲ್ಲಿ ನಿಮ್ಮ ಗಾಡಿಯ ಮುಖ್ಯ ತೊಂದರೆ. ಯಾರೂ ಅದನ್ನ ಮುಟ್ಟಲೇ ಇಲ್ಲ. ಶಾಕಲ್ ಉದ್ದ ಮಾಡಿದರೆ ಪ್ಲೇಟಿನ ಹಿಂದಿನ ತುದಿ ಕೆಳಗೆ ಹೋಗುತ್ತೆ, ಅದರ ಜೊತೆ ಹಿಂದಿನ ಆಕ್ಸಲ್ ಹೌಸಿಂಗೂ ತಿರುಗಿ, ಶಾಫ್ಟ್ ಬಂದು ಸೇರೋ ಪಿನಿಯನ್ ಮೂಗು ಮೇಲಕ್ಕೆ ಎದ್ದುಬಿಡುತ್ತೆ. (ಶಾಕಲ್ ಎರಡು ಇಂಚು ಉದ್ದ ಮಾಡಿದರೆ ಆಕ್ಸಲ್ ಮೇಲೆ ಸಿಗೋ ಎತ್ತರ ಒಂದೇ ಇಂಚು, ಗೊತ್ತಿರಲಿ.) ಹೊರಡುವಾಗಿನ ಎಳೆತಕ್ಕೆ ಪ್ಲೇಟು ಬಾಗಿ ಮೂಗು ಇನ್ನಷ್ಟು ಏಳುತ್ತೆ. ಶಾಫ್ಟಿನ ಎರಡು ತುದಿಯ ಕ್ರಾಸುಗಳ (ಬಾಗಿ ತಿರುಗೋ ಕೀಲು) ಕೋನ ಒಂದಕ್ಕೊಂದು ಸಮ ಇದ್ದರೆ ಒಂದರ ಏರುಪೇರನ್ನ ಇನ್ನೊಂದು ಅಳಿಸುತ್ತೆ. ಸಮ ತಪ್ಪಿದರೆ ಪ್ರತಿ ಸುತ್ತಿಗೆ ಎರಡು ಸಲ ಶಾಫ್ಟ್ ಎಳೆದು ಬಿಟ್ಟ ಹಾಗೆ ತಿರುಗುತ್ತೆ. ನಿಮಗೆ ಕೇಳ್ತಿರೋ ಗಡಗಡ ಅದೇ.

ಅಳೆಯೋದು ಕಷ್ಟ ಇಲ್ಲ. ಗಾಡಿ ಸಮತಟ್ಟು ಜಾಗದಲ್ಲಿ ತನ್ನ ಚಕ್ರದ ಮೇಲೇ ನಿಂತಿರಬೇಕು. ಛಾಸಿಗೆ ಜಾಕ್ ಕೊಟ್ಟು ಆಕ್ಸಲ್ ನೇತಾಡ್ತಾ ಇದ್ದಾಗ ಅಳೆದರೆ ಲೆಕ್ಕ ಪೂರ್ತಿ ತಪ್ಪು. ಮೊಬೈಲಿನ ಕೋನ ಅಳೆಯೋ ಆ್ಯಪನ್ನ ಗೇರ್‌ಬಾಕ್ಸ್ ಹಿಂದಿನ ಫ್ಲೇಂಜಿಗೆ (ಶಾಫ್ಟಿಗೆ ಬೋಲ್ಟ್ ಹಾಕೋ ಚಪ್ಪಟೆ ಬಿಲ್ಲೆ), ಆಮೇಲೆ ಪಿನಿಯನ್ ಫ್ಲೇಂಜಿಗೆ ಒತ್ತಿ ಹಿಡಿದು ಎರಡೂ ಅಂಕಿ ಬರೆದುಕೊಳ್ಳಿ. ಎರಡೂ ಒಂದಕ್ಕೊಂದು ಸಮಾನಾಂತರ ಇರಬೇಕು. ಪ್ಲೇಟ್ ಗಾಡೀಲಿ ಪಿನಿಯನ್ ಒಂದು ಡಿಗ್ರಿ ಕೆಳಗೆ ನೋಡ್ತಿದ್ದರೆ ಇನ್ನೂ ಒಳ್ಳೇದು, ಎಳೆತಕ್ಕೆ ಅದೇ ಮೇಲೆ ಬರುತ್ತೆ. ಎರಡು-ಮೂರು ಡಿಗ್ರಿ ಮೇಲೆ ಎದ್ದಿದ್ದರೆ ಪ್ಲೇಟಿಗೂ ಆಕ್ಸಲ್ ಪ್ಯಾಡಿಗೂ ನಡುವೆ ಬೆಣೆಯಾಕಾರದ ಶಿಮ್ ಹಾಕಬೇಕು. ದಪ್ಪ ಕಡೆ ಮುಂದಕ್ಕೆ ಬಂದರೆ ಮೂಗು ಇಳಿಯುತ್ತೆ. ಪ್ಲೇಟು ಆಕ್ಸಲ್ ಮೇಲೆ ಕೂತಿರೋ ಗಾಡಿಗೆ ಈ ಮಾತು. ಉಕ್ಕಿನದೇ ತಗೊಳ್ಳಿ, ಅಲ್ಯೂಮಿನಿಯಂದು ಲೋಡಿಗೆ ಜಜ್ಜಿ ಸೆಂಟರ್ ಬೋಲ್ಟ್ ಲೂಸ್ ಆಗುತ್ತೆ. ಪ್ಲೇಟನ್ನ ಆಕ್ಸಲಿಗೆ ಕಟ್ಟೋ ಯು-ಬೋಲ್ಟು ಹೊಸದೇ ಹಾಕಿಸಿ, ನೂರು ಕಿಲೋಮೀಟರ್ ಓಡಿದ ಮೇಲೆ ಒಮ್ಮೆ, ಐನೂರು ಓಡಿದ ಮೇಲೆ ಒಮ್ಮೆ ಮತ್ತೆ ಬಿಗಿಸಿ.

ಉದ್ದನೆ ಡಬಲ್ ಕ್ಯಾಬ್ ಪಿಕಪ್‌ಗಳಲ್ಲಿ ಶಾಫ್ಟ್ ಸಾಮಾನ್ಯವಾಗಿ ಎರಡು ತುಂಡು, ನಡುವೆ ಸೆಂಟರ್ ಬೇರಿಂಗ್. ಅದರ ರಬ್ಬರ್ ಹರಿದಿದೆಯಾ ಕೈಯಿಂದ ಎತ್ತಿ ನೋಡಿ. ಹಿಂದೆ ಎತ್ತರ ಮಾಡಿದಾಗ ನಡುವಿನ ಕ್ರಾಸಿನ ಕೋನವೂ ಹೆಚ್ಚುತ್ತೆ, ಹಾಗಾಗಿ ಬೇರಿಂಗಿನ ಬ್ರಾಕೆಟ್ ಕೆಳಗಿಳಿಸೋ ಸ್ಪೇಸರ್ ಕೆಲವು ಕಿಟ್‌ಗಳ ಜೊತೆಗೇ ಬರುತ್ತೆ. ನಿಮ್ಮ ಡಬ್ಬಿಯಲ್ಲಿ ಅಂಥದ್ದು ಹಾಗೇ ಉಳಿದಿದೆಯಾ ಹುಡುಕಿ. ಶಾಫ್ಟ್ ಬಿಚ್ಚೋ ಮೊದಲು ಎರಡೂ ತುಂಡಿಗೆ ಪೇಂಟಲ್ಲಿ ಗುರುತು ಹಾಕಿ, ಒಂದು ಹಲ್ಲು ಆಚೀಚೆ ಜೋಡಿಸಿದರೂ ಹೊಸ ನಡುಕ ಬರುತ್ತೆ.

ಖಾಲಿ ಇದ್ದಾಗ ಕುಕ್ಕೋದಕ್ಕೆ ಕಾರಣ ಆ ಎಕ್ಸ್‌ಟ್ರಾ ಪ್ಲೇಟು ಇರಬಹುದು. ಪರೀಕ್ಷೆಗೆ ದುಡ್ಡೇ ಬೇಡ: ನಾಲ್ಕು ಚೀಲ ಡಿಎಪಿ, ಅಂದರೆ 200 ಕೆ.ಜಿ., ಆಕ್ಸಲ್ ನೇರಕ್ಕೆ ಹಾಕಿಕೊಂಡು ಅದೇ ರಸ್ತೇಲಿ ಹೋಗಿ ಬನ್ನಿ. ಗಾಡಿ ಮೆತ್ತಗಾದರೆ ಪ್ಲೇಟು ನಿಮ್ಮ ಕೆಲಸಕ್ಕೆ ಜಾಸ್ತಿ ಗಟ್ಟಿ. ತಿಂಗಳಿಗೊಮ್ಮೆ ಲೋಡ್ ಹಾಕೋರಿಗೆ ಅದು ಬೇಡವೇ ಬೇಡ. ಚೀಲ ಹಾಕಿದರೂ ಕುಕ್ಕಿದರೆ ಬುಶ್ (ಪ್ಲೇಟಿನ ತುದಿಗಳಲ್ಲಿರೋ ರಬ್ಬರ್) ನೋಡಿ. ಫಿಟ್ಟಿಂಗ್ ಮಾಡೋರು ಆಕ್ಸಲ್ ನೇತಾಡ್ತಿರುವಾಗಲೇ ಬುಶ್ ಬೋಲ್ಟ್ ಪೂರ್ತಿ ಬಿಗಿದುಬಿಡ್ತಾರೆ, ಗಾಡಿ ಇಳಿಸಿದ ಮೇಲೆ ರಬ್ಬರ್ ಯಾವಾಗಲೂ ತಿರುಚಿಕೊಂಡೇ ಇರುತ್ತೆ. ಗಾಡಿ ನೆಲದ ಮೇಲೆ ನಿಂತಾಗ ಎಲ್ಲಾ ಬುಶ್ ಬೋಲ್ಟ್ ಸಡಿಲಿಸಿ, ನಾಲ್ಕು ಸಲ ಕುಲುಕಿಸಿ, ಮತ್ತೆ ಬಿಗೀರಿ. ಮುಂದಿನ ಲೋವರ್ ಆರ್ಮ್ ಬುಶ್‌ಗೂ ಇದೇ ಮಾತು. ಅರ್ಧ ಗಂಟೆ ಕೆಲಸ, ಎಷ್ಟೋ ಗಾಡಿ ಇಷ್ಟಕ್ಕೇ ಸರಿಹೋಗುತ್ತೆ.

ಮುಂದಿನ 'ಟಕ್': ಶಾಕ್ ತಲೆ ಮೇಲಿನ ಸ್ಪೇಸರ್ ಸ್ಪ್ರಿಂಗನ್ನ ಗಟ್ಟಿ ಮಾಡಲ್ಲ, ಮೇಲಿನ ಆರ್ಮ್ ಕೆಳಗಿಳಿಯೋ ಜಾಗವನ್ನ ತಿನ್ನುತ್ತೆ. ಹಂಪ್ ಇಳಿಯುವಾಗ ಆ ಆರ್ಮ್ ತನ್ನ ಕೊನೆಯ ಮಿತಿಗೆ ಬಡಿಯಬಹುದು. ಹಬ್ ನಡುವಿಂದ ಫೆಂಡರ್ ಅಂಚಿಗೆ ಟೇಪ್ ಹಿಡಿದು ಅಳೀರಿ, ಆಮೇಲೆ ಛಾಸಿ ಎತ್ತಿ ಚಕ್ರ ನೇತಾಡೋಕೆ ಬಿಟ್ಟು ಅಳೀರಿ. ವ್ಯತ್ಯಾಸ 50 ಮಿ.ಮೀ. ಆದರೂ ಇರಬೇಕು. 25-30 ಮಾತ್ರ ಇದ್ದರೆ ಸ್ಪೇಸರ್ ತೆಳುವಾದದ್ದು ಹಾಕಿ, ಅಥವಾ ಉದ್ದ ಸರಿ ಇರೋ ಸ್ಟ್ರಟ್ಟಿಗೆ ಹೋಗಿ. ಹಾಗೇ ಓಡಿಸಿದರೆ ಮೇಲಿನ ಬಾಲ್ ಜಾಯಿಂಟು, ಆಕ್ಸಲ್ ಬೂಟು ಎರಡೂ ಬೇಗ ಹೋಗುತ್ತವೆ. ಶಾಕ್ ಸತ್ತಿದೆಯಾ ಅಂತ ಸಂಶಯ ಇದ್ದರೆ ಕೆಟ್ಟ ರಸ್ತೇಲಿ ಹತ್ತು ಕಿಲೋಮೀಟರ್ ಹೋಗಿ ನಾಲ್ಕನ್ನೂ ಮುಟ್ಟಿ. ಕೆಲಸ ಮಾಡೋದು ಬೆಚ್ಚಗಿರುತ್ತೆ, ತಣ್ಣಗಿರೋದು ಸುಮ್ಮನೆ ಕೂತಿದೆ.

ಇಷ್ಟಾದ ಮೇಲೆ ಅಲೈನ್‌ಮೆಂಟ್, ಅದಕ್ಕೂ ಮುಂಚೆ ಅಲ್ಲ. ಕ್ಯಾಸ್ಟರ್ (ಸ್ಟೀರಿಂಗ್ ತಿರುಗೋ ಅಕ್ಷ ಹಿಂದಕ್ಕೆ ವಾಲಿರೋ ಕೋನ) ಅಂಕಿ ಇರೋ ಪ್ರಿಂಟ್ ಕೇಳಿ, ಟೋ (ಚಕ್ರ ಒಳಕ್ಕೋ ಹೊರಕ್ಕೋ ನೋಡೋದು) ಒಂದನ್ನೇ ಸರಿ ಮಾಡಿ ಕಳಿಸಿದರೆ ಒಪ್ಪಬೇಡಿ. ಎತ್ತರ ಮಾಡಿದಾಗ ಕ್ಯಾಸ್ಟರ್ ಕಡಿಮೆಯಾಗುತ್ತೆ, ಲಾರಿ ಪಕ್ಕದಲ್ಲಿ ಹೋದಾಗ ಗಾಡಿ ಅಲೆದಾಡೋದು ಅದಕ್ಕೇ. ಇನ್ನೊಂದು, ಆರ್‌ಸಿಯಲ್ಲಿ ಇಲ್ಲದ ಬದಲಾವಣೆಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತೆ, ಆರ್‌ಟಿಒ ಮತ್ತು ಇನ್ಶೂರೆನ್ಸಿನವರ ಹತ್ತಿರ ವಿಚಾರಿಸಿಕೊಳ್ಳಿ.

ಗೆರೆ ಅಳಿಸಿದ ಗಾಳಿಯ ಅಂಕಿ, ಎರಡು ಫ್ಲೇಂಜಿನ ಕೋನ, ಮುಂದಿನ ಎರಡೂ ಕಡೆಯ ಟೇಪ್ ಅಳತೆ, ಶಾಕಲ್ ಯಾವ ಕಡೆ ವಾಲಿದೆ ಅನ್ನೋ ಒಂದು ಫೋಟೋ ಇಲ್ಲೇ ಹಾಕಿ. ಶಿಮ್ ಎಷ್ಟು ಡಿಗ್ರಿದು ತರಬೇಕು ಅಂತ ಅದನ್ನ ನೋಡಿ ಹೇಳ್ತೀನಿ.